ನೆಲ ಬಿಟ್ಟ ನೆಲ

ನಮ್ಮ ಕಾಕು ಒಣ ನೆಲದ ಮೇಲೆ ನಡೆಯುವಾಗಲೂ ಎಡಗೈಯಲ್ಲಿ ನಿರಿಗೆಯನ್ನು ಒಂದು ಗೇಣು ಮೇಲೆತ್ತಿ ಹಿಡಿಯುತ್ತಿದ್ದಳು. ಬೇಸಿಗೆಯ ನಡುಹಗಲು, ಎರೆಹೊಲ ಬಾಯಿ ಬಿಟ್ಟುಕೊಂಡು ಬಿದ್ದಿರುತ್ತಿತ್ತು, ದಾರಿಯಲ್ಲಿ ಹನಿ ನೀರಿನ ಸುಳಿವಿರುತ್ತಿರಲಿಲ್ಲ. ಅಲ್ಲಿಯೂ ಅವಳು ಪಾದವನ್ನು ಮೆಲ್ಲಗೆ ಊರಿ, ತಳ ಸಿಕ್ಕಿತೇ ಎಂದು ನೋಡುವವಳಂತೆ ಒಂಚೂರು ತಡೆದು, ಆಮೇಲೆ ಮುಂದಿನ ಹೆಜ್ಜೆ ಇಡುತ್ತಿದ್ದಳು. "ಏನಬೇ, ಕೆರ್ಯಾಗ ಇಳ್ಯಾಕತ್ತಿಯೇನು?" ಎಂದು ಓಣಿಯ ಹೆಂಗಸರು ನಗುತ್ತಿದ್ದರು. "ರೂಢಿರಿ ಯಕ್ಕಾ, ಏನ ಮಾಡೂದು" ಎಂದು ಕಾಕುವೂ ನಗುತ್ತಿದ್ದಳು. ನಿರಿಗೆಯನ್ನು ಮಾತ್ರ ಕೆಳಗೆ ಬಿಡುತ್ತಿರಲಿಲ್ಲ.

ಕಾಕು ಎಂದರೆ ನನ್ನ ಅಪ್ಪನ ತಮ್ಮನ ಹೆಂಡತಿ. ನಮ್ಮೂರು ನವಲಗುಂದದ ಆಚೆ. ಕಣ್ಣು ಹಾಯಿಸಿದಷ್ಟು ದೂರ ಕರಿ ಎರೆ, ಗಿಡವೆಂದರೆ ಅಲ್ಲೊಂದು ಇಲ್ಲೊಂದು ಜಾಲಿ. ಅವಳ ತವರು ಕಲಘಟಗಿ ಕಡೆಯ ತಂಬೂರು. ಅಲ್ಲಿ ಭತ್ತದ ಗದ್ದೆ, ಅಡವಿ, ಊರಿನ ಮಗ್ಗುಲಲ್ಲೇ ದೊಡ್ಡ ಕೆರೆ. ಆ ಕೆರೆಯಲ್ಲಿ ಅವಳ ಅಣ್ಣ ಅವಳಿಗೆ ಈಜು ಕಲಿಸಿದ್ದ. ಹೆಣ್ಣುಹುಡುಗಿಗೆ ಈಜು ಯಾಕೆ ಎಂದು ಅಪ್ಪ ಬೈದರೂ ಕೇಳದೆ, ಎಲ್ಲರೂ ಉಂಡು ಮಲಗಿದ ಮಧ್ಯಾಹ್ನದ ಹೊತ್ತಿನಲ್ಲಿ, ಒಣಗಿದ ಸೋರೆಬುರುಡೆಯನ್ನು ಅವಳ ಬೆನ್ನಿಗೆ ಕಟ್ಟಿ ನೀರಿಗೆ ಬಿಡುತ್ತಿದ್ದನಂತೆ. ತಾನು ಎದೆಮಟ್ಟ ನೀರಲ್ಲಿ ನಿಂತು "ನಾ ಅದೀನಿ, ಬಾ" ಎನ್ನುತ್ತಿದ್ದನಂತೆ. ಒಂದು ದಿನ ಅವಳಿಗೆ ತಿಳಿಯದಂತೆ ಬುರುಡೆ ಬಿಚ್ಚಿಬಿಟ್ಟ. ಅವಳು ತೇಲಿಯೇ ಇದ್ದಳು.

ಇಂಥವಳನ್ನು ತಂದು ನಮ್ಮೂರಿಗೆ ಕೊಟ್ಟರು ನೋಡಿ. ನಮ್ಮೂರಲ್ಲೂ ಒಂದು ಕೆರೆಯಿತ್ತು, ಆದರೆ ಅದು ಕುಡಿಯುವ ನೀರಿನ ಕೆರೆ. ಚಪ್ಪಲಿಯನ್ನು ದಂಡೆಯ ಹೊರಗೇ ಬಿಟ್ಟು, ಕೊಡ ತುಂಬಿಕೊಂಡು, ತಲೆ ತಗ್ಗಿಸಿ ಬರಬೇಕು. ಹೊಸ ಸೊಸೆ ಮೊದಲ ಸಲ ನೀರಿಗೆ ಹೋದವಳು ಕೊಡವನ್ನು ಮೆಟ್ಟಿಲ ಮೇಲಿಟ್ಟು, ಸೀರೆ ಎತ್ತಿ, ಮೊಣಕಾಲಿನತನಕ ಕಾಲು ಇಳಿಬಿಟ್ಟು ಕೂತುಬಿಟ್ಟಳಂತೆ. ಊರೆಲ್ಲ ಹುಯಿಲೆದ್ದಿತು. ಹಿರಿಯರು ನಮ್ಮ ಮನೆಗೆ ಬಂದು ಕಟ್ಟೆ ಮೇಲೆ ಕೂತರು. ನಮ್ಮ ಅಜ್ಜ ಒಳಗೆ ಬಂದು ಕೇಳಿದ, "ಯಾಕವ್ವ ಹಂಗ ಮಾಡಿದಿ?" ಅವಳು ಬಾಗಿಲ ಮರೆಯಲ್ಲಿ ನಿಂತು, "ಕಾಲು ಉರಿಯಾಕತ್ತಿದ್ದುವ್ರಿ ಮಾವಾರ" ಎಂದಳು.

ಅಜ್ಜ ಬೈಯಲಿಲ್ಲ. ಮರುದಿನ ದನದ ಹಕ್ಕೆಯಲ್ಲಿ ನೀರು ತುಂಬಿಡುತ್ತಿದ್ದ ಹಳೆಯ ಕಲ್ಲಬಾನಿಯನ್ನು ನಾಲ್ಕು ಜನರಿಂದ ಎತ್ತಿಸಿ ಹಿತ್ತಲ ಬೇವಿನ ಗಿಡದ ಕೆಳಗೆ ಇಡಿಸಿದ. "ಕಾಲ ಇಡೂದಿದ್ರ ಇದರಾಗ ಇಡವ್ವ. ಊರ ಕೆರಿ ಬಿಡು" ಎಂದ. ನನಗೆ ತಿಳಿವಳಿಕೆ ಬಂದಾಗಿನಿಂದ ಕಾಕು ದಿನಾ ಸಂಜೆ ಆ ಬಾನಿಯಲ್ಲಿ ಕಾಲಿಟ್ಟುಕೊಂಡೇ ಅಕ್ಕಿ ಆರಿಸುತ್ತಿದ್ದಳು. ಮಂದಿ ಅದಕ್ಕೂ ನಕ್ಕರು. ನಗುವವರ ಮನೆಯಲ್ಲಿ ಇಂಥ ಮಾವ ಇರಲಿಲ್ಲ, ಅಷ್ಟೇ.

ನಾವು ಮಕ್ಕಳು ಅವಳಿಂದಲೇ ಈಜು ಕಲಿತೆವು, ಅದೂ ನೀರಿಲ್ಲದೆ. ಬೇಸಿಗೆಯ ಮಧ್ಯಾಹ್ನ ಪಡಸಾಲೆಯಲ್ಲಿ ಸಾಲಾಗಿ ಮಲಗಿಸಿ, ಅವಳು ಮೆಲುದನಿಯಲ್ಲಿ ಶುರು ಮಾಡುತ್ತಿದ್ದಳು. "ಕಣ್ಣ ಮುಚ್ಚರಿ. ಈಗ ಮೆಟ್ಟಲಾ ಇಳದ್ರಿ. ಪಾದಕ್ಕ ನೀರ ಹತ್ತಿತು. ತಣ್ಣಗೈತಿ. ಮೊಣಕಾಲಿಗೆ ಬಂತು. ಈಗ ಎದಿಗೆ ಬಂತು. ಕಾಲ ಬಿಡ್ರಿ. ಬಿಡ್ರಿ ಅಂದ್ರ ಬಿಡಬೇಕು, ಹೆದರಬಾರದು." ಆಮೇಲೆ ತಾವರೆ ಎಲೆಗಳ ನಡುವೆ, ಮೀನುಗಳ ಮೇಲೆ, ಆಚೆ ದಂಡೆಯ ಮಾವಿನಮರದ ನೆರಳಿನತನಕ ನಮ್ಮನ್ನು ಒಯ್ಯುತ್ತಿದ್ದಳು. ಆಚೆ ದಂಡೆ ಮುಟ್ಟಿದವರು ಯಾರೂ ಇಲ್ಲ. ಅಷ್ಟರೊಳಗೆ ನಿದ್ದೆ ಹತ್ತಿಬಿಡುತ್ತಿತ್ತು. ಎಚ್ಚರವಾದಾಗ ಮೈಯೆಲ್ಲ ಬೆವರಿರುತ್ತಿತ್ತು. ಅದು ಕೆರೆಯ ನೀರೇ ಎಂದು ನಾನು ಬಹಳ ದಿನ ನಂಬಿದ್ದೆ.

ಪ್ರತಿ ವರ್ಷ ನಾಗರಪಂಚಮಿಗೆ ಅಣ್ಣ ಬಂದು ಅವಳನ್ನು ತವರಿಗೆ ಕರೆದೊಯ್ಯುತ್ತಿದ್ದ. ನಾವೆಲ್ಲ ಅವನನ್ನು ತಂಬೂರ ಮಾಮಾ ಎನ್ನುತ್ತಿದ್ದೆವು. ಎತ್ತರದ ಆಳು, ಮಳೆಯಿರಲಿ ಬಿಸಿಲಿರಲಿ ಕಂಕುಳಲ್ಲಿ ಒಂದು ಕರಿ ಛತ್ರಿ. ಅಣ್ಣ ತಂಗಿ ಇಬ್ಬರಿಗೂ ಒಂದೇ ಮೂಗು, ಒಂದೇ ಸಿಟ್ಟು.

ಆ ಸಿಟ್ಟೇ ಮುಳುವಾಯಿತು. ಮಾಮಾ ತನ್ನ ಮಗನಿಗೆ ಕಾಕುವಿನ ಮಗಳನ್ನು ಕೇಳಿದ. ನಮ್ಮ ಕಡೆ ಅದು ಕೇಳುವ ಮಾತೂ ಅಲ್ಲ, ಅಣ್ಣನ ಹಕ್ಕು. ಆದರೆ ಹುಡುಗಿಗೆ ಮನಸ್ಸಿರಲಿಲ್ಲ. ಕಾಕು ಮಗಳ ಪರ ನಿಂತಳು. ಕೊನೆಗೆ ಅಣ್ಣಿಗೇರಿಯ ಒಬ್ಬ ಸಾಲಿ ಮಾಸ್ತರನಿಗೆ ಕೊಟ್ಟು ಮದುವೆ ಮಾಡಿದರು. ಮದುವೆಗೆ ಬಾರದ ಮಾಮಾ ಅದಾದ ಮೇಲೆ ಒಂದು ದಿನ ಬಂದ. ಕಾಕು ರೂಢಿಯಂತೆ ತಂಬಿಗೆ ನೀರು ತಂದು ಮುಂದಿಟ್ಟಳು. ಅವನು ಅದನ್ನು ಕಾಲಿನಿಂದ ಸರಿಸಿದ.

"ನಮ್ಮ ಕೆರಿ ಆಣಿ ಮಾಡಿ ಹೇಳತೀನಿ. ಇನ್ನ ನಿನ್ನ ಮನಿ ನೀರ ಮುಟ್ಟಂಗಿಲ್ಲ. ಈ ನೆಲದ ಮ್ಯಾಲ ನಿನ್ನ ಮಾರಿ ನೋಡಂಗಿಲ್ಲ."

ಕಾಕು ಸುಮ್ಮನಿದ್ದರೆ ಮುಗಿಯುತ್ತಿತ್ತು. ಸುಮ್ಮನಿರುವ ಮೂಗೇ ಅದು? "ನಂದೂ ಅದ ಕೆರಿ, ಅದ ಆಣಿ. ನಿನ್ನ ಮನಿ ನೀರ ನನಗೂ ಬ್ಯಾಡ, ನಿನ್ನ ಮಾರಿನೂ ಬ್ಯಾಡ" ಎಂದಳು. ಮಾಮಾ ಛತ್ರಿ ಕಂಕುಳಿಗೆ ಸೇರಿಸಿ ಹೊರಟುಹೋದ.

ಎಂಟು ದಿನಕ್ಕೇ ಇಬ್ಬರಿಗೂ ಸಿಟ್ಟು ಇಳಿದಿತ್ತು. ಆದರೆ ಆಣೆ ಇಳಿಯಬೇಕಲ್ಲ. ಅವರು ಚಿಕ್ಕವರಿದ್ದಾಗ ತಂಬೂರಿನಲ್ಲಿ ಯಾರೋ ಕೆರೆಯ ಆಣೆ ಮಾಡಿ ಮಾತು ಮುರಿದಿದ್ದರಂತೆ. ಆ ವರ್ಷ ಕೆರೆಯ ತಳ ಕಂಡಿದ್ದನ್ನು ಇಬ್ಬರೂ ಕೈ ಹಿಡಿದು ನಿಂತು ನೋಡಿದ್ದರು. ನಾವು ಅಜ್ಜಾರು ಎನ್ನುವ ಮಠದ ಸ್ವಾಮಿಗಳು ಕಾಯಿ ಒಡೆದು ಆಣೆ ಬಿಡಿಸಿ ಕೊಡುತ್ತೇನೆಂದರು. ಕಾಕು ಕೈ ಮುಗಿದಳು, ಒಪ್ಪಲಿಲ್ಲ. ಮನೆಗೆ ಬಂದು ನನ್ನೆದುರು ಗೊಣಗಿದಳು, "ಅಜ್ಜಾರು ಬಿಡಿಸ್ಯಾರ ಅಂತ ಕೆರಿಗೆ ಯಾರ ಹೋಗಿ ಹೇಳವರು? ಊರಿಗೂರ ಅದರ ಮ್ಯಾಲ ಉಣ್ಣತೈತಿ. ನಮ್ಮಿಬ್ಬರ ಸಲುವಾಗಿ ಅದು ಬತ್ತಬೇಕೇನು?"

ಪಂಚಮಿ ಬಂತು, ಅಣ್ಣ ಬರಲಿಲ್ಲ. ಕಾಕು ಶೇಂಗಾ ಉಂಡಿ, ಎಳ್ಳುಂಡಿ ಕಟ್ಟಿ, ಅಣ್ಣನ ಪಾಲನ್ನು ಬೇರೆ ಡಬ್ಬಿಯಲ್ಲಿ ಹಾಕಿಟ್ಟಳು. ಎಷ್ಟೋ ದಿನದ ಮೇಲೆ ಅದನ್ನು ನಮಗೆ ಹಂಚಿದಳು. ಮುಂದಿನ ವರ್ಷವೂ ಹಾಗೆಯೇ. ಹಬ್ಬದ ದಿನ ಓಣಿಯ ಹೆಂಗಸರೆಲ್ಲ ಜೋಕಾಲಿ ಆಡುತ್ತಿದ್ದರೆ ಕಾಕು ಬಾನಿಯಲ್ಲಿ ಕಾಲಿಟ್ಟುಕೊಂಡು ಕೂತಿರುತ್ತಿದ್ದಳು. ಮಕ್ಕಳು ಜಗಳಾಡಿದರೆ "ನೀರ ಬಡದ್ರ ಎರಡಾಗತೈತೇನಲೇ" ಎಂದು ಬಿಡಿಸುತ್ತಿದ್ದ ಬಾಯಿ ಅದು. ಈಗ ಆ ಮಾತನ್ನು ಆಡುವುದನ್ನೇ ಬಿಟ್ಟಳು.

ಆಗ ನಾನು ಹುಬ್ಬಳ್ಳಿಯಲ್ಲಿ ಹಾಸ್ಟೆಲಿನಲ್ಲಿದ್ದು ಬಿ.ಎ. ಓದುತ್ತಿದ್ದೆ. ರಜೆಗೆ ಊರಿಗೆ ಬಂದಾಗ, ಗೆಳತಿಯರ ಜೊತೆ ಹುಬ್ಬಳ್ಳಿಯ ಹೊರಗಿನ ದೊಡ್ಡ ಕೆರೆಗೆ ಹೋಗಿದ್ದನ್ನು ಸುಮ್ಮನೆ ಹರಟೆಗೆಂದು ಹೇಳಿದೆ. ಕೆರೆಯ ನಡುವೆ ಒಂದು ನಡುಗಡ್ಡೆ, ಅದರ ಮೇಲೊಂದು ತೋಟ, ಕುಳಿತುಕೊಳ್ಳಲು ಸಿಮೆಂಟಿನ ಬೆಂಚು, ಕಣಗಿಲೆ ಗಿಡ, ಮಕ್ಕಳು ಜಾರಲು ಸಿಮೆಂಟಿನ ಆನೆ. ಕಾಕು ಅಕ್ಕಿ ಆರಿಸುವುದನ್ನು ನಿಲ್ಲಿಸಿದಳು.

"ದಂಡಿಗೆ ಎಲ್ಲಿ ಹತ್ತೇತಿ ಅದು?"

"ಎಲ್ಲೂ ಹತ್ತಿಲ್ಲ ಕಾಕು. ದೋಣ್ಯಾಗ ಹೋಗಬೇಕು."

"ಒಂದ ಕಡೆನೂ ಹತ್ತಿಲ್ಲ?"

"ಬ್ಯಾಸಿಗ್ಯಾಗ ನೀರ ಇಳದ್ರ ಒಂದ ಕಡೆ ಹಾದಿ ತೆರಿತೈತಂತ. ಮಳಿಗಾಲದಾಗ ಸುತ್ತಾ ನೀರ."

"ಹಂಗಾರ ಅದು ನೆಲ ಅಲ್ಲ" ಎಂದಳು.

"ಮತ್ತೇನು?"

"ನೆಲಾ ಬಿಟ್ಟೈತಿ ಅದು. ಕೆರಿ ಜೋಡಿ ಹೋಗೇತಿ."

ನಾನು ನಕ್ಕು ಮರೆತೆ. ಅವಳು ಮರೆಯಲಿಲ್ಲ. ನಮ್ಮ ಕಾಕಾ ಮೆಣಸಿನಕಾಯಿ ಮಾರಲು ಹುಬ್ಬಳ್ಳಿಗೆ ಹೋಗುತ್ತಿದ್ದ, ಮಾಮಾ ಅಕ್ಕಿ ಮಾರಲು ಬರುತ್ತಿದ್ದ. ಆ ಗಂಡಸರಿಬ್ಬರಿಗೆ ಯಾವ ಆಣೆಯೂ ಇರಲಿಲ್ಲ. ಒಂದೇ ಖಾನಾವಳಿಯಲ್ಲಿ ಉಂಡು, ತಮ್ಮ ತಮ್ಮ ಬಸ್ಸು ಹತ್ತಿ ಬರುತ್ತಿದ್ದರು. ಕಾಕಾನ ಕೈಯಲ್ಲಿ ಕಾಕು ಮಾತು ಕಳಿಸಿದಳು: ಪಂಚಮಿ ಮರುದಿನ, ಕೆರೆಯ ನಡುಗಡ್ಡೆ. ಮಾಮಾ ಅದನ್ನು ಕೇಳಿ ಮೂಗು ಎಳೆದುಕೊಂಡನಂತೆ, ಅಷ್ಟೇ.

ಆ ದಿನ ಬೆಳಗಿನಿಂದ ಶ್ರಾವಣದ ಜಿಟಿಜಿಟಿ. ಮಳೆಯೆನ್ನಲೂ ಆಗದು, ಮಂಜೆನ್ನಲೂ ಆಗದು. ಕೆರೆ ಎಲ್ಲಿ ಮುಗಿಯುತ್ತದೆ, ಮುಗಿಲು ಎಲ್ಲಿ ಶುರುವಾಗುತ್ತದೆ ತಿಳಿಯುತ್ತಿರಲಿಲ್ಲ. ನಡುಗಡ್ಡೆ ಆ ಬೂದು ಬಣ್ಣದಲ್ಲಿ ಯಾವುದಕ್ಕೂ ಅಂಟದೆ ನಿಂತಿತ್ತು. ಕಾಕಾ ದಂಡೆಯಲ್ಲೇ ಉಳಿದ. "ನನಗ ನೀರ ಅಂದ್ರ ಆಗಂಗಿಲ್ಲ. ಅವ ಬಂದ್ರ ನಾ ದೋಣಿ ಹತ್ತಸತೀನಿ, ನೀವ ನಡೀರಿ" ಎಂದು ಬುತ್ತಿಯ ಗಂಟನ್ನು ನನ್ನ ಕೈಗಿತ್ತ.

ದೋಣಿ ಹೊರಟಿತು. ಕಾಕು ಅಂಚಿನಲ್ಲಿ ಕೂತು ಕೈಯನ್ನು ನೀರಿಗೆ ಬಿಟ್ಟಳು. ಬೆರಳ ಸಂದಿಯಿಂದ ನೀರು ಹರಿಯುವುದನ್ನು ನೋಡುತ್ತ ಅವಳ ಮುಖ ಹೇಗಾಯಿತೆಂದರೆ, ಮನೆಯಲ್ಲಿ ದಿನಾ ನೋಡುತ್ತಿದ್ದ ಹೆಂಗಸು ಇವಳಲ್ಲ ಎನ್ನಿಸಿತು. ಈ ಹುಡುಗಿಯನ್ನು ನಾನು ನೋಡಿರಲೇ ಇಲ್ಲ. ಹುಟ್ಟು ಹಾಕುವ ಸಪ್ಪಳ ಬಿಟ್ಟರೆ ಮತ್ತೊಂದು ಸಪ್ಪಳವಿರಲಿಲ್ಲ. ಈ ದೋಣಿ ಎಂದೂ ಮುಟ್ಟದಿದ್ದರೂ ನಡೆದೀತು ಎಂದು ನನಗೂ ಅನ್ನಿಸಿತು.

ಇಳಿದವಳೇ ಅವಳು ಮಾಡಿದ ಮೊದಲ ಕೆಲಸ, ನಡುಗಡ್ಡೆಯನ್ನು ಸುತ್ತಿದ್ದು. ಮೆಹಂದಿ ಬೇಲಿಯ ಆಚೆ, ಅಂಚು ಹಿಡಿದು, ನಿರಿಗೆ ಎತ್ತಿಕೊಂಡು, ನೀರನ್ನೇ ನೋಡುತ್ತ ಪೂರಾ ಒಂದು ಸುತ್ತು ಹಾಕಿದಳು. ಎಲ್ಲಿಯೂ ಒಂದು ಕಲ್ಲು, ಒಂದು ಬದು ದಂಡೆಗೆ ಹತ್ತಿಲ್ಲವೆಂದು ಖಾತ್ರಿಯಾದ ಮೇಲೆ ಮರದ ಕೆಳಗೆ ಬಂದು ಕೂತಳು. ತೋಟದ ಮಾಲಿ ನನ್ನನ್ನು ಕೇಳಿದ, "ಏನರ ಕಳಕೊಂಡಾರೇನ್ರಿ ಅವ್ವಾರು?"

ಒಂದು ದೋಣಿ ಬಂತು. ಕಾಲೇಜಿನ ಹುಡುಗರು. ಇನ್ನೊಂದು ಬಂತು. ಯಾವುದೋ ಸಂಸಾರ, ಮಕ್ಕಳು ಆನೆಯ ಕಡೆ ಓಡಿದರು. ಕಾಕು ಬುತ್ತಿ ಗಂಟನ್ನು ಬಿಚ್ಚಿದಳು, ಮತ್ತೆ ಕಟ್ಟಿದಳು. "ಬರಂಗಿಲ್ಲ ಬಿಡು" ಎಂದಳು. ಆ ದನಿ ಕೇಳಿ ನನಗೆ ಅಳು ಬಂತು. ಆ ಹೊತ್ತಿಗೆ ದೋಣಿಯವನು ಖಾಲಿ ದೋಣಿ ತಂದು ಮಾಲಿಯನ್ನು ಕೂಗಿದ.

"ಏ, ಆ ದಂಡ್ಯಾಗ ಒಬ್ಬ ಹಿರ್‍ಯಾರು ನಿಂತಾರಪಾ. ನಡುಗಡ್ಡಿ ಎಲ್ಲೆರ ದಂಡಿಗೆ ಹತ್ತೇತೇನು ಅಂತ ಕೇಳಾಕತ್ತಾರ. ಇಲ್ಲರಿ ಅಂದ್ರ ನಂಬವಲ್ಲರು. ಮಾಲೀನ ಕೇಳಿ ಬಾ ಅಂತಾರ."

ಕಾಕು ಎದ್ದು ನಿಂತಳು. ನಗು, ಅಳು ಎರಡೂ ಒಟ್ಟಿಗೆ ಬಂದುವು ಅವಳಿಗೆ. "ಅವನ ನಮ್ಮಣ್ಣ. ಎಲ್ಲೂ ಹತ್ತಿಲ್ಲ, ನಾ ಸುತ್ತಿ ನೋಡೀನಿ ಅಂತ ಹೇಳೋ ಯಪ್ಪಾ."

ಮಾಮಾ ಬಂದ. ದಂಡೆಯಲ್ಲೇ ಮುಖಕ್ಕೆ ಅಡ್ಡ ಹಿಡಿದ ಛತ್ರಿಯನ್ನು ದೋಣಿಯಲ್ಲೂ ಇಳಿಸಿರಲಿಲ್ಲ. ದಂಡೆಯ ನೆಲದಿಂದ ತಂಗಿಯ ಮುಖ ಕಂಡುಬಿಟ್ಟರೆ ಎಂಬ ಅಂಜಿಕೆ ಅವನಿಗೆ. ಎರಡೂ ಕಾಲು ನಡುಗಡ್ಡೆಯ ಮೇಲೆ ಊರಿದ ಮೇಲೆಯೇ ಛತ್ರಿ ಮಡಚಿದ. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಇಬ್ಬರ ತಲೆಯೂ ಬೆಳ್ಳಗಾಗಿತ್ತು.

"ಕೆರಿ ಹೆಂಗೈತಿ?" ಎಂದಳು ಕಾಕು.

"ತುಂಬೈತಿ."

"ಮೆಟ್ಟಲ?"

"ಎಲ್ಲಾ ಮುಳುಗ್ಯಾವ."

ಅದನ್ನು ಕೇಳಿ ಅವಳು ಸೆರಗನ್ನು ಬಾಯಿಗಿಟ್ಟುಕೊಂಡು ಅತ್ತಳು. ಮಾಮಾ ಛತ್ರಿಯ ತುದಿಯಿಂದ ನೆಲ ಕೆದರುತ್ತ ನಿಂತ.

ಊಟಕ್ಕೆ ಕೂತರು. ಕಾಕು ಸಜ್ಜಿರೊಟ್ಟಿ, ಶೇಂಗಾಚಟ್ನಿ, ಉಂಡಿ ತಂದಿದ್ದಳು. ಮಾಮಾ ಹೆಸರುಕಾಳಿನ ಉಸುಳಿ ತಂದಿದ್ದ. ಆಣೆ ನೀರಿಗಷ್ಟೇ, ರೊಟ್ಟಿಗಲ್ಲ ಎಂದು ಇಬ್ಬರೂ ಬೇರೆ ಬೇರೆಯಾಗಿ ತೀರ್ಮಾನ ಮಾಡಿಕೊಂಡು ಬಂದಿದ್ದರು. ಎರಡನೆಯ ತುತ್ತಿಗೆ ಮಾಮಾನಿಗೆ ಬಿಕ್ಕಳಿಕೆ ಹತ್ತಿತು. ಒಣ ರೊಟ್ಟಿ, ಒಣ ಚಟ್ನಿ, ಹತ್ತದೆ ಏನು ಮಾಡೀತು. ಪಕ್ಕದಲ್ಲಿ ಕಾಕುವಿನ ತಂಬಿಗೆಯಿತ್ತು, ಅದು ನಮ್ಮ ಮನೆಯ ನೀರು. ಅವನ ತಂಬಿಗೆಯೂ ಇತ್ತು, ಅದು ದೋಣಿಯಲ್ಲಿ ಉರುಳಿ ಖಾಲಿಯಾಗಿತ್ತು.

"ಯಾರೋ ನೆನಸಾಕತ್ತಾರ ನಿನ್ನ" ಎಂದಳು ಕಾಕು.

"ನೆನಸಾಕಿ ಮುಂದ ಕುಂತಾಳ. ಮತ್ಯಾರ ನೆನಸವರು" ಎಂದ ಮಾಮಾ, ಬಿಕ್ಕುತ್ತಲೇ.

ಕಾಕು ಎದ್ದಳು. ನಿರಿಗೆ ಎತ್ತಿಕೊಂಡು ಮೆಟ್ಟಿಲಿಳಿದು ಕೆರೆಗೆ ಕಾಲಿಟ್ಟಳು. ಈ ಸಲ ನಿಜವಾಗಿ ನೀರಿತ್ತು. ಬೈಯುವವರಿರಲಿಲ್ಲ. ಸೆರಗಿನ ತುದಿಯನ್ನು ನಾಲ್ಕು ಮಡಿಕೆ ಮಾಡಿ, ಅದರಲ್ಲಿ ನೀರು ಸೋಸಿ, ಬೊಗಸೆ ತುಂಬ ಹಿಡಿದು ತಂದಳು. "ಇದು ನನ್ನ ಮನಿ ನೀರಲ್ಲ. ಕುಡಿ." ಆ ನೀರಲ್ಲಿ ದನದ ಮೈ ತೊಳೆಯುತ್ತಾರೆ ಎಂದು ಮಾಲಿ ಹೇಳುತ್ತಲೇ ಇದ್ದ. ಮಾಮಾ ತಂಗಿಯ ಬೊಗಸೆಗೆ ಬಾಯಿ ಹಚ್ಚಿ ಪೂರಾ ಕುಡಿದ. ಆಮೇಲೆ ತಾನೂ ಇಳಿದುಹೋಗಿ, ಧೋತರದ ಚುಂಗಿನಲ್ಲಿ ಸೋಸಿ, ಅವಳಿಗೆ ತಂದುಕೊಟ್ಟ.

ಮಧ್ಯಾಹ್ನವೆಲ್ಲ ಇಬ್ಬರೂ ಮೆಟ್ಟಿಲ ಮೇಲೆ ನೀರಲ್ಲಿ ಕಾಲಿಟ್ಟುಕೊಂಡು ಕೂತಿದ್ದರು. ಮಾತು ಕಮ್ಮಿ. ಎಮ್ಮೆ ಈದದ್ದು, ಮಾವಿನಮರದ ಟೊಂಗೆ ಮುರಿದದ್ದು. ಒಂದೇ ಸಲ ಮಾಮಾ ಕೇಳಿದ, "ನಿನ್ನ ಮಗಳು ಆರಾಮ ಅದಾಳ?"

"ಅದಾಳ."

"ಆ ಮಾಸ್ತರ ಬರೋಬ್ಬರಿ ನೋಡ್ಕೊಂತಾನ?"

"ನೋಡ್ಕೊಂತಾನ."

"ಆತು ಬಿಡು."

ಜಗಳ ಅಲ್ಲಿಗೆ ಮುಗಿಯಿತು. ಆಣೆ ಮಾತ್ರ ಉಳಿಯಿತು. ಹೊರಡುವಾಗ ಮಾಮಾ ಮೊದಲು ದೋಣಿ ಹತ್ತಿ, ನಮಗೆ ಬೆನ್ನು ಮಾಡಿ ಕೂತು, ಹಿಂದೆ ಛತ್ರಿ ಬಿಚ್ಚಿ ಹಿಡಿದ. ಆ ಕರಿ ಛತ್ರಿ ಜಿಟಿಮಳೆಯಲ್ಲಿ ಸಣ್ಣದಾಗುತ್ತ ಹೋಗಿ, ದಂಡೆ ಮುಟ್ಟಿ, ಮಂದಿಯಲ್ಲಿ ಕರಗಿದ ಮೇಲೆ ಕಾಕು ನನ್ನ ಕೈ ಹಿಡಿದು ಎದ್ದಳು.

ಆಮೇಲೆ ಪ್ರತಿ ವರ್ಷ ಹೀಗೆಯೇ ನಡೆಯಿತು. ಒಂದು ಶ್ರಾವಣ ಮಾತ್ರ ಮಳೆ ಹಿಂದಾಯಿತು. ನಾವು ಹೋದಾಗ ಕೆರೆಯ ಒಂದು ಮಗ್ಗುಲಲ್ಲಿ ಕೆಸರಿನ ಸಣ್ಣ ಹಾದಿ ತೆರೆದು ನಡುಗಡ್ಡೆ ದಂಡೆಗೆ ಹತ್ತಿತ್ತು. ಅದರ ಮೇಲೆ ಒಂದು ನಾಯಿ ನಡೆದುಹೋಗುತ್ತಿತ್ತು. ಕಾಕು ಬಹಳ ಹೊತ್ತು ಆ ನಾಯಿಯನ್ನೇ ನೋಡಿದಳು. "ನೆಲ ಹತ್ತೇತಿ. ಹೋಗೂಣು ನಡಿ" ಎಂದಳು. ಉಂಡಿ ಡಬ್ಬಿಯನ್ನು ಕಾಕಾನ ಕೈಗೆ ಕೊಟ್ಟು, ಅಣ್ಣ ಬರುವ ಮುಂಚೆಯೇ ಬಸ್ಸು ಹತ್ತಿದಳು. ಬಸ್ಸಿನಲ್ಲಿ ಕಿಟಕಿಗೆ ತಲೆಯಿಟ್ಟು ನವಲಗುಂದದತನಕ ಅತ್ತಳು. ಅಷ್ಟು ಬಿಗಿ ಯಾಕೆ ಎಂದು ನನಗೆ ಅಂದು ಸಿಟ್ಟೇ ಬಂದಿತ್ತು. ಈಗ ಬರುವುದಿಲ್ಲ. ಒಂದು ಊರಿನ ನೀರು ತಮ್ಮ ನಾಲಿಗೆಯ ಮೇಲೆ ನಿಂತಿದೆ ಎಂದು ನಂಬಿ ಬದುಕಿದವರನ್ನು ನಾನು ಆಮೇಲೆ ಕಂಡಿಲ್ಲ.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನನಗೆ ಹುಬ್ಬಳ್ಳಿಯಲ್ಲೇ ನೌಕರಿ ಸಿಕ್ಕಿತ್ತು. ಸುಗ್ಗಿಯ ದಿನಗಳಲ್ಲಿ ಕಾಕು ಹಾಸಿಗೆ ಹಿಡಿದಳು, ಮತ್ತೆ ಏಳಲಿಲ್ಲ. ಒಂದು ಬೆಳಗ್ಗೆ ಮಾಮಾ ನನ್ನ ಕೋಣೆಯ ಬಾಗಿಲಿಗೆ ಬಂದು ನಿಂತ, ಕೈಯಲ್ಲಿ ಹಿತ್ತಾಳೆ ತಂಬಿಗೆ. "ನಡಿಯವ್ವ, ನಡುಗಡ್ಡಿಗೆ ಹೋಗಿ ನೀರ ತುಂಬೂಣು. ಕಡೀ ನೀರ ಅದ ಆಗಲಿ" ಎಂದ. ನಾವಿಬ್ಬರೂ ಹೋಗಿ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ತುಳುಕದಂತೆ ಊರಿಗೆ ತಂದೆವು.

ಮನೆಯೊಳಗೆ ಬಂದವನೇ ಮಾಮಾ ಛತ್ರಿ ಬಿಚ್ಚಿದ. ಪಡಸಾಲೆಯಲ್ಲಿ, ಕಾಕು ಮಲಗಿದ್ದ ಕೋಣೆಯ ಬಾಗಿಲಿಗೆ ಬೆನ್ನು ಹಚ್ಚಿ, ಮುಖ ಮುಚ್ಚುವಂತೆ ಛತ್ರಿ ಹಿಡಿದು ಕೂತ. ಮನೆಯೊಳಗೆ ಛತ್ರಿ ಬಿಚ್ಚಬಾರದು ಎನ್ನುತ್ತಾರೆ. ಅಂದು ಯಾರೂ ಅನ್ನಲಿಲ್ಲ. ನಾನು ಒಳಗೆ ಹೋಗಿ ಕಾಕುವಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ನೀರು ಸೋಸಿ, ತುಟಿಗೆ ಬಿಟ್ಟೆ. ಅವಳು ನುಂಗಿದಳು. ಅದು ಯಾವ ನೀರೆಂದು ಅವಳಿಗೆ ತಿಳಿಯಿತು. ಕಣ್ಣು ಬಾಗಿಲ ಕಡೆ ತಿರುಗಿತು.

ಹೊರಗಿನಿಂದ ದನಿ ಬಂತು. "ತಂಗೀ, ಬುರುಡಿ ಗಟ್ಟಿ ಕಟ್ಟೀನಿ. ಇಳಿ. ಪಾದಕ್ಕ ನೀರ ಹತ್ತಿತೇನು? ತಣ್ಣಗೈತಿ. ಹೆದರಬ್ಯಾಡ, ನಾ ಅದೀನಿ. ಮೊಣಕಾಲಿಗೆ ಬಂತು. ಈಗ ಎದಿಗೆ ಬಂತು. ಕಾಲ ಬಿಡು."

ಅವಳ ಕಾಲು ಹೊದಿಕೆಯೊಳಗೆ ಮೆಲ್ಲಗೆ ಆಡಿತು. ತಾವರೆ ಎಲೆ ದಾಟಿಸಿದ, ಮೀನು ತೋರಿಸಿದ, ಮಾವಿನಮರದ ನೆರಳು ಕಾಣಿಸುತ್ತದೆಯೇ ಎಂದು ಕೇಳಿದ. ನಾವೆಲ್ಲ ನಿದ್ದೆಹೋಗುತ್ತಿದ್ದ ಜಾಗವನ್ನು ಅವಳು ಆ ದಿನ ದಾಟಿದಳು. "ಇನ್ನ ಬುರುಡಿ ಬಿಚ್ಚತೀನಿ" ಎಂದು ಮಾಮಾ ಹೇಳಿದಾಗ ನನ್ನ ತೊಡೆಯ ಮೇಲಿನ ತಲೆ ಹಗುರಾಗಿ ವಾಲಿತ್ತು.

ನನ್ನ ಅಳು ಕೇಳಿ ಮಾಮಾನಿಗೆ ತಿಳಿಯಿತು. ಆದರೂ ಛತ್ರಿ ಇಳಿಸಲಿಲ್ಲ, ಅದರೊಳಗೇ ಕೂತಿದ್ದ. ನಮ್ಮ ಕಾಕಾ, ಯಾವತ್ತೂ ಹೆಚ್ಚು ಮಾತಾಡದ ಮನುಷ್ಯ, ಹೋಗಿ ಅವನ ಕೈಯಿಂದ ಛತ್ರಿ ತೆಗೆದುಕೊಂಡು ಮಡಚಿದ. "ಬಾ, ಒಳಗ ಬಂದ ನೋಡು. ಈಗ ಅಕಿ ನೆಲದ ಮ್ಯಾಲ ಎಲ್ಲದಾಳ?" ಎಂದ.

ಮುಂದಿನ ಶ್ರಾವಣ, ಪಂಚಮಿಯ ಮರುದಿನ, ಯಾರೂ ಹೇಳದೆಯೇ ನಾನು ಕೆರೆಗೆ ಹೋದೆ. "ನಿಮ್ಮ ಹಿರ್‍ಯಾರು ಆಗಲೇ ಹ್ವಾದರ್ರಿ" ಎಂದ ದೋಣಿಯವನು. ಮಾಮಾ ಅದೇ ಮರದ ಕೆಳಗೆ ಬುತ್ತಿ ಬಿಚ್ಚಿಕೊಂಡು ಕೂತಿದ್ದ. ನನಗೂ ರೊಟ್ಟಿ ಕೊಟ್ಟ. ಎರಡನೆಯ ತುತ್ತಿಗೆ ಅವನಿಗೆ ಬಿಕ್ಕಳಿಕೆ ಹತ್ತಿತು. ನನ್ನ ಚೀಲದಲ್ಲಿ ನೀರಿನ ಬಾಟಲಿಯಿತ್ತು, ಅವನು ತಲೆಯಾಡಿಸಿದ. ನಾನು ಎದ್ದು ಮೆಟ್ಟಿಲಿಳಿದೆ. ನೀರಿನ ಹತ್ತಿರ ಬಂದಾಗ ನೋಡಿಕೊಂಡೆ, ನನ್ನ ಎಡಗೈ ತಾನಾಗಿಯೇ ನಿರಿಗೆಯನ್ನು ಒಂದು ಗೇಣು ಮೇಲೆತ್ತಿ ಹಿಡಿದಿತ್ತು. ಸೆರಗು ಮಡಿಸಿ, ಸೋಸಿ, ಬೊಗಸೆ ತುಂಬ ತಂದುಕೊಟ್ಟೆ. ಅವನು ಕುಡಿದ. ಬಿಕ್ಕಳಿಕೆ ನಿಲ್ಲಲಿಲ್ಲ.

"ಇನ್ನೊಂದ ಬೊಗಸಿ ತರ್ಲೇನ್ರಿ ಮಾಮಾ?"

"ಬ್ಯಾಡವ್ವ, ಇರಲಿ" ಎಂದ ಅವನು, ಕೆರೆಯನ್ನು ನೋಡುತ್ತ. "ನೆನಸಾಕತ್ತಾಳ."